ಕೊನೆಗೌಡರು ಮರ ಇಳಿದ ಕತೆ

ಮಳೆ ಹಿಡಿದು ಎರಡು ವಾರ ಆಗುವಷ್ಟರಲ್ಲಿ ಮಲೆನಾಡು, ಕರಾವಳಿಯ ಪತ್ರಿಕೆಗಳ ಒಳಪುಟದಲ್ಲಿ ಒಂದು ಸುದ್ದಿ ಬಂದೇ ಬರುತ್ತದೆ. ‘ಅಡಿಕೆ ಮರದಿಂದ ಬಿದ್ದು ಕಾರ್ಮಿಕ ಸಾವು.’ ನಾಲ್ಕೇ ಸಾಲು. ಊರು, ವಯಸ್ಸು, ಯಾರ ತೋಟ, ಯಾವ ಠಾಣೆಯಲ್ಲಿ ಪ್ರಕರಣ ದಾಖಲು. ಪತ್ರಿಕೋದ್ಯಮ ಓದುವಾಗ ಇಂಥ ಸುದ್ದಿ ಬರೆಯುವುದನ್ನು ನಮಗೂ ಕಲಿಸಿದ್ದರು. ಐದು ನಿಮಿಷದ ಕೆಲಸ.

ಈ ಬ್ಲಾಗು ನಡೆಸುವ ನಮ್ಮಲ್ಲಿ ಇಬ್ಬರ ಮನೆಯಲ್ಲಿ ಅಡಿಕೆ ತೋಟ ಇದೆ. ಇನ್ನೊಬ್ಬನ ಅಪ್ಪ ಇಪ್ಪತ್ತೆಂಟು ವರ್ಷ ಬೇರೆಯವರ ತೋಟದಲ್ಲಿ ಮರ ಹತ್ತಿದವರು. ಹೋದ ಮಳೆಗಾಲದಲ್ಲಿ ತೋಟದ ಮನೆಯ ಗೆಳೆಯ ‘ಕೊನೆಗೌಡರು ಸಿಗುತ್ತಿಲ್ಲ, ಅಡಿಕೆ ಬೆಳೆಗಾರ ಕಂಗಾಲು’ ಅಂತ ಒಂದು ಬರಹ ತಯಾರು ಮಾಡಿ ಗುಂಪಿಗೆ ಹಾಕಿದ. ಓದಿದ ಇನ್ನೊಬ್ಬ ಒಂದೇ ಪ್ರಶ್ನೆ ಕೇಳಿದ: ‘ಅವರು ಸಿಗುತ್ತಿದ್ದಾಗ ಅವರ ಬಗ್ಗೆ ಯಾರಾದರೂ ಬರೆದಿದ್ದಾರೇನೋ?’ ಆ ಬರಹ ಅಲ್ಲೇ ನಿಂತಿತು. ಅದರ ಬದಲು ಈಗ ಇದನ್ನು ಬರೆಯುತ್ತಿದ್ದೇವೆ.

ಕೊನೆ ಅಂದರೆ ಅಡಿಕೆ ಗೊನೆ. ಅದನ್ನು ಮರದಿಂದ ಇಳಿಸುವವರಿಗೆ ಶಿರಸಿ, ಸಿದ್ದಾಪುರ, ಸಾಗರದ ಕಡೆ ಕೊನೆಗೌಡ ಅನ್ನುತ್ತಾರೆ. ಕಾಲಿಗೆ ತಳೆ, ಕೂರುವುದಕ್ಕೆ ಹಗ್ಗ ಕಟ್ಟಿದ ಸಣ್ಣ ಮಣೆ, ಸೊಂಟಕ್ಕೆ ಕತ್ತಿ, ಒಂದು ಕೊಕ್ಕೆ, ಒಂದು ಉದ್ದ ಹಗ್ಗ. ಸಾಮಾನು ಇಷ್ಟೇ. ಮರವೋ ನಲವತ್ತು, ಐವತ್ತು, ಹಳೇ ತೋಟವಾದರೆ ಅರವತ್ತು ಅಡಿಯನ್ನೂ ದಾಟುತ್ತದೆ. ದಪ್ಪ ಮಾತ್ರ ಎರಡು ಅಂಗೈಯ ಹಿಡಿತಕ್ಕೆ ಸಿಗುವಷ್ಟು. ಗಾಳಿ ಬಂದರೆ ತುದಿ ತೂಗುತ್ತದೆ. ಆ ತೂಗಾಟವನ್ನೇ ಕೊನೆಗೌಡ ಕೆಲಸಕ್ಕೆ ಬಳಸುತ್ತಿದ್ದ. ಒಂದು ಮರದ ತುದಿಯಲ್ಲಿ ಕೊನೆ ಕೊಯ್ದು, ಹಗ್ಗದ ಮೇಲೆ ಜಾರಿಸಿ ಕೆಳಗಿರುವವನಿಗೆ ಕೊಟ್ಟು, ಮರವನ್ನು ಮೈಭಾರದಿಂದ ಬಗ್ಗಿಸಿ, ಕೊಕ್ಕೆಯಿಂದ ಪಕ್ಕದ ಮರ ಎಳೆದು ಅದಕ್ಕೆ ದಾಟಿಬಿಡುವುದು. ಹೀಗೆ ನೆಲ ಮುಟ್ಟದೆ ಹತ್ತಾರು ಮರ.

ಇದನ್ನು ನೋಡಿದವರೆಲ್ಲ ‘ಅಬ್ಬಾ, ಏನು ಚಳಕ’ ಅನ್ನುತ್ತಾರೆ. ಚಳಕ ಹೌದು. ಅದರ ಹಿಂದೆ ಲೆಕ್ಕವೂ ಇದೆ. ಎಕರೆಗೆ ಐನೂರರ ಮೇಲೆ ಮರ. ಒಂದೊಂದನ್ನೂ ಹತ್ತಿ ಇಳಿಯುತ್ತಾ ಹೋದರೆ ಕಾಲಿನ ಶಕ್ತಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಕೂಲಿ ಇದ್ದದ್ದು ಮರದ ಲೆಕ್ಕದಲ್ಲಿ ಅಥವಾ ಕೊನೆಯ ಲೆಕ್ಕದಲ್ಲಿ. ಹಾಗಾಗಿ ಮರದಿಂದ ಮರಕ್ಕೆ ದಾಟುವುದು ಹೊಟ್ಟೆಪಾಡಿಗೆ ಕಲಿತ ವಿದ್ಯೆ. ಎಲ್ಲಕ್ಕಿಂತ ಅಪಾಯದ ಹೊತ್ತೂ ಅದೇ. ದಾಟುವಾಗ ಒಂದು ಗಳಿಗೆ ಮೈಯ ಭಾರ ಎರಡು ಮರಗಳ ಮಧ್ಯೆ ಇರುತ್ತದೆ.

ಕಲಿಸುವ ಶಾಲೆ ಇರಲಿಲ್ಲ. ಅಪ್ಪ, ಮಾವ, ದೊಡ್ಡಪ್ಪ ಯಾರೋ ಒಬ್ಬರು ಹುಡುಗನನ್ನು ಕರೆದುಕೊಂಡು ಹೋಗಿ ಮೊದಲ ವರ್ಷ ಹಗ್ಗ ಹಿಡಿಸುತ್ತಿದ್ದರು. ಆಮೇಲೆ ಸಣ್ಣ ಮರ, ಆಮೇಲೆ ದೊಡ್ಡದು. ನಮ್ಮ ಗೆಳೆಯನ ಅಪ್ಪ ಕಲಿತದ್ದೂ ಹೀಗೇ. ನಾವು ಮೂವರೂ ಅವರ ಜಗಲಿಯಲ್ಲಿ ಕೂತು ಒಂದು ಸಂಜೆ ಕೇಳಿದೆವು. ಮರವನ್ನು ನಂಬುವುದು ಹೇಗೆ ಅಂತ ಗೊತ್ತಾಗುತ್ತದೆ, ಕಾಕಾ?

‘ಹತ್ತೂಕೆ ಮುಂಚೆ ನೋಡ್ಬೇಕು ಅಪ್ಪಿ. ಮೇಲೆ ಹೋದ್ಮೇಲೆ ನೋಡಿ ಏನ್ ಮಾಡ್ತೆ?’ ಅಂದರು.

ಆಮೇಲೆ ಒಂದೊಂದೇ ಹೇಳಿದರು. ಪಡುವಣ ಬಿಸಿಲು ಹೊಡೆದ ಮರ ಹತ್ತಬಾರದು. ನೈಋತ್ಯದ ಕಡೆ ಕಾಂಡ ಬಿಸಿಲಿಗೆ ಬೆಂದು, ಮೊದಲು ಹಳದಿ ಆಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಸೀಳಿರುತ್ತದೆ. ಅಂಥ ಮರ ಗಾಳಿಗೇ ಮುರಿಯುತ್ತದೆ, ಮನುಷ್ಯ ಹತ್ತಿದರೆ ಕೇಳಬೇಕೆ. (ತೋಟದ ಅಂಚಿನ ಮರಗಳಿಗೆ ಸೋಗೆ ಕಟ್ಟುವುದು ಇದೇ ಕಾರಣಕ್ಕೆ.) ಬುಡದಲ್ಲಿ ಅಣಬೆ ಎದ್ದ ಮರ ಒಳಗೆ ಟೊಳ್ಳು. ಕತ್ತಿಯ ಹಿಂಬದಿಯಿಂದ ತಟ್ಟಿದರೆ ಸದ್ದಿನಲ್ಲೇ ತಿಳಿಯುತ್ತದೆ. ಮಳೆಯಲ್ಲಿ ಮರದ ಒಂದು ಮೈ ಪಾಚಿ ಕಟ್ಟುತ್ತದೆ, ಪಾದ ಇಡಬೇಕಾದ್ದು ಇನ್ನೊಂದು ಮೈಯಲ್ಲಿ. ಇವೆಲ್ಲ ಯಾವ ಪುಸ್ತಕದಿಂದ ಬಂದ ಮಾತೂ ಅಲ್ಲ. ಸುರಕ್ಷತೆಯ ಪಾಠ ಅಂತ ಈಗ ಏನನ್ನು ಹೇಳುತ್ತೇವೋ ಅದರ ಅರ್ಧ ಭಾಗ ಅವರ ತಲೆಯಲ್ಲಿ ಮೊದಲೇ ಇತ್ತು.

ಮಳೆಯ ಮಾತು ಬಂದಿದ್ದರಿಂದ ನೂರು ವರ್ಷ ಹಿಂದಕ್ಕೆ ಹೋಗಬೇಕು. ಕೊನೆಗೌಡರ ಬದುಕು ಒಂದು ದೊಡ್ಡ ತಿರುವು ಪಡೆದದ್ದು ಅಲ್ಲಿ. ಇದನ್ನು ಯಾರೂ ಅವರ ಕಡೆಯಿಂದ ಹೇಳಿದ್ದನ್ನು ನಾವು ಓದಿಲ್ಲ.

ಅಡಿಕೆಗೆ ಕೊಳೆ ಹಳೇ ಶತ್ರು. ಮಳೆಗಾಲದಲ್ಲಿ ಎಳೆಯ ಕಾಯಿ ಕೊಳೆತು ಉದುರುತ್ತದೆ. ಜೋರು ಮಳೆಯ ವರ್ಷ ಕೊನೆಗೆ ಕೊನೆಯೇ ಖಾಲಿ. ಹಳಬರ ಉಪಾಯ ಕೊಟ್ಟೆ ಕಟ್ಟುವುದು. ಕರಡದಿಂದ ಹೆಣೆದ ಟೊಪ್ಪಿಯಂಥ ಕೊಟ್ಟೆಯನ್ನು ಕೊನೆಯ ಮೇಲೆ ಹೊದಿಸಿ ಕಟ್ಟಿದರೆ ಕಾಯಿಗೆ ನೀರು ಬೀಳುವುದಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಹತ್ತಿ ಕಟ್ಟಿಬಿಟ್ಟರೆ ಆ ಮರದ ಗೋಜು ಮುಗಿಯಿತು. ಕೆಲಸ ನಿಧಾನ, ಕರಡ ಬೇಕು, ಹೆಣೆಯುವ ಕೈ ಬೇಕು. ಆದರೆ ಸುರಿಯುವ ಮಳೆಯಲ್ಲಿ ಮತ್ತೆ ಮತ್ತೆ ಹತ್ತಬೇಕಾಗಿರಲಿಲ್ಲ.

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಲೆಸ್ಲಿ ಕೋಲ್ಮನ್ ಎಂಬ ತರುಣ ವಿಜ್ಞಾನಿ ಬಂದರು. ಗಿಡಗಳಿಗೆ ತಗಲುವ ಶಿಲೀಂಧ್ರ, ಕೀಟಗಳ ಅಧ್ಯಯನ ಅವರ ಕೆಲಸ. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇವುಗಳ ಹಿಂದೆ ಇರುವವರು ಇವರೇ. ಸಂಸ್ಥಾನದ ಕೃಷಿ ನಿರ್ದೇಶಕರಾಗಿ ಬಹಳ ಕಾಲ ಇದ್ದರು. ಅವರು ಮೊದಲು ಕೈ ಹಾಕಿದ ಕೆಲಸಗಳಲ್ಲಿ ಮಲೆನಾಡಿನ ಕೊಳೆರೋಗವೂ ಒಂದು. 1910ರಲ್ಲಿ ಅದರ ಮೇಲೆ ಒಂದು ವರದಿಯನ್ನೇ ಪ್ರಕಟಿಸಿದರು. ಅವರು ಪ್ರಚಾರ ಮಾಡಿದ ಮದ್ದು ಬೋರ್ಡೋ ದ್ರಾವಣ: ಮೈಲುತುತ್ತು, ಸುಣ್ಣ, ನೀರು. ಇವತ್ತಿಗೂ ನಮ್ಮ ತೋಟಗಳಲ್ಲಿ ಅದೇ, ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು.

ಈ ಮದ್ದಿನ ಹುಟ್ಟು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕದಿಯದ ಹಾಗೆ ರಸ್ತೆ ಬದಿಯ ಬಳ್ಳಿಗಳಿಗೆ ತುತ್ತು, ಸುಣ್ಣ ಬಳಿಯುತ್ತಿದ್ದರಂತೆ; ಅಂಥ ಬಳ್ಳಿಗಳಿಗೆ ರೋಗ ಬರದೇ ಇದ್ದದ್ದನ್ನು ಮಿಲಾರ್ಡೆ ಎಂಬ ಪ್ರೊಫೆಸರ್ ಗಮನಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದರು. ಚೆಂದದ ಕತೆ. ಒಂದು ವ್ಯತ್ಯಾಸ ಮಾತ್ರ ಇದೆ. ದ್ರಾಕ್ಷಿ ಬಳ್ಳಿಗೆ ಮನುಷ್ಯ ನೆಲದ ಮೇಲೆ ನಿಂತೇ ಮದ್ದು ಹೊಡೆಯುತ್ತಾನೆ. ಅಡಿಕೆಗೆ ಐವತ್ತು ಅಡಿ ಮೇಲೆ ಹೋಗಬೇಕು.

ಮದ್ದು ಫಲ ಕೊಟ್ಟಿತು, ಅದರಲ್ಲಿ ಎರಡು ಮಾತಿಲ್ಲ. ತೋಟ ಉಳಿಯಿತು, ತೋಟದ ಮೇಲೆ ನಿಂತ ಮನೆಗಳು ಉಳಿದವು. ಕೋಲ್ಮನ್ನರನ್ನು ನಾವು ನೆನೆಯಲೇಬೇಕು. ಆದರೆ ಬೋರ್ಡೋಗೆ ಒಂದು ಸ್ವಭಾವ ಇದೆ: ಮಳೆ ಹಿಡಿಯುವ ಮೊದಲು ಒಮ್ಮೆ ಹೊಡೆದರೆ ಸಾಲದು, ಮಳೆಗೆ ತೊಳೆದುಹೋಗುತ್ತದೆ. ನಲವತ್ತು, ನಲವತ್ತೈದು ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು. ಮೊದಲನೇ ಮದ್ದು ಮೃಗಶಿರೆಯ ಹೊತ್ತಿಗಾದರೆ ಎರಡನೆಯದು ಪುಷ್ಯ ಮಳೆಯ ಹೊತ್ತಿಗೆ ಬಂದು ನಿಲ್ಲುತ್ತದೆ. ಪುಷ್ಯ ಮಳೆ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಕೊಳೆ ಜೋರಾದರೆ ಮೂರನೆಯದೂ ಬೇಕು.

ಅಂದರೆ ಕಾಯಿಯನ್ನು ಮಳೆಯಿಂದ ಕಾಪಾಡಿದ ಮದ್ದೇ ಮನುಷ್ಯನನ್ನು ಮಳೆಗಾಲದ ನಟ್ಟನಡುವೆ ಮರದ ಮೇಲೆ ತಂದು ಕೂರಿಸಿತು. ಪಾಚಿ ಕಟ್ಟಿದ ಮರ, ಒದ್ದೆ ತಳೆ, ಒಂದು ಕೈಯಲ್ಲಿ ಮದ್ದಿನ ಪೈಪು, ಕಣ್ಣಿಗೆ ಸುಣ್ಣ ತುತ್ತಿನ ಹನಿ. ಕೆಳಗೆ ಪಂಪು ಒತ್ತುವವನಿಗೆ ಮೇಲಿನವನ ಕೂಗು ಮಳೆಯಲ್ಲಿ ಕೇಳುವುದಿಲ್ಲ. ಮೈಯೆಲ್ಲ ನೀಲಿ. ಒಂದು ಬಿಡುವಿನ ಬಿಸಿಲು ಬಂದರೆ ಊರಿನ ಎಲ್ಲ ತೋಟದವರೂ ಅದೇ ದಿನ, ಅದೇ ನಾಲ್ಕು ಜನ ಕೊನೆಗೌಡರನ್ನು ಹುಡುಕಿಕೊಂಡು ಬರುತ್ತಾರೆ. ಅವಸರ ಬೇರೆ.

ನಮ್ಮ ಗೆಳೆಯನ ಅಪ್ಪ ಬಿದ್ದದ್ದೂ ಎರಡನೇ ಮದ್ದಿನ ದಿನ. ‘ದಾಟೂಕೆ ಹೋದೆ, ಕೊಕ್ಕೆ ಹಿಡೀಲಿಲ್ಲ,’ ಅಂತ ಅಷ್ಟೇ ಹೇಳುತ್ತಾರೆ. ಬುಡದಲ್ಲಿ ಹಾಕಿದ್ದ ಸೊಪ್ಪಿನ ರಾಶಿಯ ಅಂಚಿಗೆ ಬಿದ್ದರು, ಹಾಗಾಗಿ ಜೀವ ಉಳಿಯಿತು. ಇಬ್ಬರು ಕೈ ಕಾಲು ಹಿಡಿದು ಎತ್ತಿ, ಕಂಬಳಿಯಲ್ಲಿ ಹಾಕಿ ಜೀಪಿನ ತನಕ ಹೊತ್ತರು. ಹೋದದ್ದು ನಾಟಿ ವೈದ್ಯರ ಮನೆಗೆ, ಮೂಳೆ ಕಟ್ಟಿಸುವುದಕ್ಕೆ. ಆಸ್ಪತ್ರೆಗೆ ಹೋಗುವಾಗ ಹನ್ನೊಂದು ದಿನ ಕಳೆದಿತ್ತು. ತೋಟದ ಒಡೆಯರು ಕೆಟ್ಟವರಲ್ಲ. ಔಷಧಿಯ ಖರ್ಚು ನೋಡಿಕೊಂಡರು, ಆರು ತಿಂಗಳು ಮನೆಗೆ ಅಕ್ಕಿ ಕಳಿಸಿದರು. ಅದು ಮನುಷ್ಯತ್ವ, ಅದಕ್ಕೆ ಆ ಮನೆಯವರು ಇವತ್ತಿಗೂ ಋಣಿ. ಏಳನೇ ತಿಂಗಳಿಂದ ಮಾತ್ರ ಯಾರ ಹತ್ತಿರ ಏನು ಕೇಳುವುದು? ಕೇಳುವುದಕ್ಕೆ ಕೈಯಲ್ಲಿ ಒಂದು ಚೂರು ಕಾಗದ ಇರಲಿಲ್ಲ.

ಕಾಗದ ಯಾಕಿರಲಿಲ್ಲ ಎನ್ನುವುದಕ್ಕೂ ಒಂದು ಇತಿಹಾಸ ಇದೆ. ದುಡಿಯುವಾಗ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕು ಅಂತ ನಮ್ಮ ದೇಶದಲ್ಲಿ ಕಾಯಿದೆ ಬಂದದ್ದು 1923ರಲ್ಲಿ. ಯಾವ್ಯಾವ ಕೆಲಸದವರಿಗೆ ಅನ್ವಯ ಎನ್ನುವ ಒಂದು ಪಟ್ಟಿ ಅದರ ಜೊತೆಗಿತ್ತು. ಓದಿದರೆ ಆಶ್ಚರ್ಯ ಆಗುತ್ತದೆ. ಕಾಲಾನಂತರದಲ್ಲಿ ಬೆಳೆದ ಆ ಪಟ್ಟಿಯಲ್ಲಿ ಆನೆ ಹಿಡಿಯುವವರಿದ್ದಾರೆ. ತಾಳೆ ಜಾತಿಯ ಮರಗಳಿಂದ ಕಳ್ಳು ಇಳಿಸುವವರಿದ್ದಾರೆ, ಅಂದರೆ ಕರಾವಳಿಯ ಮೂರ್ತೆದಾರರಿಗೆ ಹೆಸರು ಹಿಡಿದು ಜಾಗ ಸಿಕ್ಕಿತ್ತು. ಮರ ಕಡಿಯುವವರಿದ್ದಾರೆ. ಕಾಫಿ, ಚಹಾ, ರಬ್ಬರ್, ಏಲಕ್ಕಿ ಎಸ್ಟೇಟುಗಳ ಕೂಲಿಗಳಿದ್ದಾರೆ, ಅದೂ ಇಪ್ಪತ್ತೈದು ಜನ ಅಥವಾ ಅದಕ್ಕೆ ಮೇಲಿದ್ದರೆ. ಆ ಎಸ್ಟೇಟುಗಳ ಸಾಲಿನಲ್ಲಿ ಅಡಿಕೆ ಇಲ್ಲ. ಅಡಿಕೆ ಎಸ್ಟೇಟಿನ ಬೆಳೆಯಲ್ಲ, ಮನೆ ಹಿಂದಿನ ಎರಡೆಕರೆ, ಮೂರೆಕರೆಯ ಬೆಳೆ. ಇಪ್ಪತ್ತೈದು ಜನರನ್ನು ಇಟ್ಟುಕೊಳ್ಳುವ ತೋಟ ಎಲ್ಲಿದೆ?

ಜೊತೆಗೆ ಇನ್ನೊಂದು ತೊಡಕು. ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದು ಬಿಡಿಬಿಡಿಯಾಗಿ ದುಡಿಯುವವರನ್ನು, ಮಾಲೀಕನ ವ್ಯವಹಾರದ ಕೆಲಸಕ್ಕಲ್ಲದೆ ಬೇರೆ ಕೆಲಸಕ್ಕೆ ಕರೆದಿದ್ದರೆ, ಆ ಕಾಯಿದೆ 2000ನೇ ಇಸವಿಯ ತನಕ ಕಾರ್ಮಿಕ ಅಂತಲೇ ಎಣಿಸುತ್ತಿರಲಿಲ್ಲ. ಕೊನೆಗೌಡನ ಮಟ್ಟಿಗೆ ಬಿಡಿ ಕೆಲಸವೇ ಬದುಕು. ಪಕ್ಕದ ಕೇರಳದಲ್ಲಿ ಕಳ್ಳಿನ ಕೆಲಸದವರಿಗೆ 1969ರಷ್ಟು ಹಿಂದೆಯೇ ಕ್ಷೇಮನಿಧಿಯ ಕಾಯಿದೆ ಬಂತು. ಅವರಿಗೆ ಸಂಘ ಇತ್ತು, ಕಳ್ಳಿನಿಂದ ಸರ್ಕಾರಕ್ಕೆ ತೆರಿಗೆಯೂ ಇತ್ತು. ಅಡಿಕೆ ಬೆಳೆಗಾರರೂ ಸಂಘ ಕಟ್ಟಿದವರೇ: ಶಿರಸಿಯ ಟಿಎಸ್ಎಸ್ 1923ರದ್ದು, ಶಿವಮೊಗ್ಗದ ಮ್ಯಾಮ್‌ಕೋಸ್ 1939ರದ್ದು, ಮಂಗಳೂರಿನ ಕ್ಯಾಂಪ್ಕೊ 1973ರದ್ದು. ಅಡಿಕೆಯ ಬೆಲೆ ಕಾಯುವುದಕ್ಕೆ ಇವು ಮಾಡಿದ ಕೆಲಸ ದೊಡ್ಡದು. ಅಡಿಕೆ ಇಳಿಸುವವರಿಗೆ ಅಂಥದ್ದೊಂದು ಕಟ್ಟೆ ಆ ಕಾಲದಲ್ಲಿ ಕಟ್ಟಲಿಲ್ಲ.

ಇಲ್ಲಿ ಜಾತಿಯ ಮಾತು ಬಿಟ್ಟರೆ ಕತೆ ಅರ್ಧ ಸುಳ್ಳಾಗುತ್ತದೆ. ಘಟ್ಟದ ಮೇಲೆ ತೋಟದವರು ಹೆಚ್ಚಾಗಿ ಹವ್ಯಕರು. ಮರ ಹತ್ತುವವರು ಹೆಚ್ಚಾಗಿ ದೀವರು, ಕರೆ ಒಕ್ಕಲಿಗರು, ಇನ್ನಿತರ ದುಡಿಯುವ ಜನ. ಕೆಳಗಿನಿಂದ ಕೂಗುವಾಗ ಏಕವಚನ, ಮೇಲಿನಿಂದ ಉತ್ತರ ಬರುವಾಗ ‘ಹೆಗಡೇರೆ’. ಮರದ ತುದಿಯಲ್ಲಿ ಕೂತವನು ಎಲ್ಲರಿಗಿಂತ ಎತ್ತರದಲ್ಲಿದ್ದರೂ ಮಾತಿನ ಮಟ್ಟ ಬದಲಾಗುತ್ತಿರಲಿಲ್ಲ. (ತೋಟದ ಮನೆಯ ಗೆಳೆಯ ಈ ವಾಕ್ಯ ತೆಗೆಯೋಣ ಅಂದ. ಒಂದು ದಿನ ಯೋಚಿಸಿ, ಇರಲಿ ಅಂದ.)

ಕಾಲ ತಿರುಗಿತು. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. 1974ರ ಭೂಸುಧಾರಣೆಯಲ್ಲಿ ಅನೇಕ ಗೇಣಿದಾರರು ತಮ್ಮ ಉಳುಮೆಯ ನೆಲಕ್ಕೆ ಒಡೆಯರಾದರು. ಮಕ್ಕಳು ಶಾಲೆಗೆ ಹೋದರು, ಆಮೇಲೆ ಬೆಂಗಳೂರು, ಮುಂಬೈ, ಕೊಲ್ಲಿ. ಮರ ಹತ್ತುತ್ತಿದ್ದ ಅಪ್ಪ ಮಗನಿಗೆ ಕಲಿಸಲಿಲ್ಲ. ಕಲಿಸಬಾರದು ಅಂತ ಗಟ್ಟಿ ಮನಸ್ಸು ಮಾಡಿದವರೇ ಹೆಚ್ಚು. ನಮ್ಮ ಗೆಳೆಯ ಪತ್ರಿಕೋದ್ಯಮ ಓದಿದ್ದು ಹಾಗೆ. ಅದೇ ಹೊತ್ತಿಗೆ ಅಡಿಕೆ ಬೆಲೆ ಏರಿ, ತೋಟ ಚನ್ನಗಿರಿ, ತುಮಕೂರಿನ ಬಯಲಿಗೂ ಹಬ್ಬಿತು. ಮರ ಹೆಚ್ಚಾಯಿತು, ಹತ್ತುವವರು ಕಡಿಮೆಯಾದರು.

‘ಕೊನೆಗೌಡರು ಸಿಗುತ್ತಿಲ್ಲ’ ಎಂಬ ಮಾತು ಶುರುವಾದದ್ದು ಆಗ. ನಮ್ಮ ಮಟ್ಟಿಗೆ ಈ ಕತೆಯ ನಡುಗಂಬ ಇದೇ: ಹತ್ತುವವರು ಬಿದ್ದಾಗ ಯಾರೂ ಯಂತ್ರ ಹುಡುಕಲಿಲ್ಲ, ಹತ್ತುವವರು ಸಿಗದೇ ಹೋದಾಗ ಎಲ್ಲರೂ ಹುಡುಕಿದರು.

ಹುಡುಕಿದವರಲ್ಲಿ ಹೆಚ್ಚಿನವರು ರೈತರೇ ಅನ್ನುವುದು ಹೆಮ್ಮೆಯ ವಿಷಯ. ತೆಂಗಿಗೆ ಸಂಬಂಧಿಸಿ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ.ಜೆ. ಜೋಸೆಫ್ ಎಂಬ ಕೃಷಿಕರು ಎರಡು ಪಾದದ ಚೌಕಟ್ಟಿನ ಒಂದು ಸಾಧನ ಮಾಡಿದರು. ನಿಂತುಕೊಂಡೇ ಮೆಟ್ಟಿಲು ಹತ್ತಿದ ಹಾಗೆ ಮರ ಹತ್ತಬಹುದು. ‘ಚೆಂಬೇರಿ ಮಾದರಿ’ ಅಂತಲೇ ಅದು ಹೆಸರಾಯಿತು. ಕೇರಳದಲ್ಲಿ ತೆಂಗು ಕೊಯ್ಯುವವರ ಬರ ಮಿತಿಮೀರಿದಾಗ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಅನ್ನುವ ತರಬೇತಿ ಶುರುಮಾಡಿತು. ಆರು ದಿನದ ಶಿಬಿರ, ಕೊನೆಯಲ್ಲಿ ಹತ್ತುವ ಸಾಧನ ಕೈಗೆ, ಜೊತೆಗೆ ಅಪಘಾತ ವಿಮೆ. ಅಲ್ಲಿ ಹೆಂಗಸರೂ ಕಲಿತು ಹತ್ತಿದರು. ಆಮೇಲೆ ಕರ್ನಾಟಕಕ್ಕೂ ಬಂತು. ಮಂಡಳಿಯ ‘ಕೇರ ಸುರಕ್ಷಾ’ ವಿಮೆ ಈಗಲೂ ಇದೆ, ಕಂತಿನ ದೊಡ್ಡ ಪಾಲನ್ನು ಮಂಡಳಿಯೇ ಕಟ್ಟುತ್ತದೆ. ಮರ ಹತ್ತುವುದು ಒಂದು ಉದ್ಯೋಗ, ಅದಕ್ಕೆ ಕಲಿಕೆ, ಸಾಧನ, ವಿಮೆ ಮೂರೂ ಬೇಕು ಎಂಬುದು ಸರ್ಕಾರಿ ಕಾಗದದಲ್ಲಿ ಒಟ್ಟಿಗೆ ಬಂದದ್ದನ್ನು ನಾವು ಕಂಡದ್ದು ಅಲ್ಲೇ.

ಅಡಿಕೆಗೆ ಇದು ಹಾಗೇ ಹೊಂದಲಿಲ್ಲ. ತೆಂಗು ಎಕರೆಗೆ ಅರವತ್ತು, ಎಪ್ಪತ್ತು. ಅಡಿಕೆ ಐನೂರು. ಒಂದೊಂದು ಮರಕ್ಕೂ ಚೌಕಟ್ಟು ಸಿಕ್ಕಿಸಿ, ಹತ್ತಿ, ಇಳಿದು, ಬಿಚ್ಚುವಷ್ಟರಲ್ಲಿ ದಿನ ಮುಗಿಯುತ್ತದೆ. ದಕ್ಷಿಣ ಕನ್ನಡದಲ್ಲಿ ಈ ಹುಡುಕಾಟ ಜೋರಾಗಿ ನಡೆಯಿತು. ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಲೇಖನಿ ಕೊಟ್ಟು, ಒಬ್ಬರ ಹಿತ್ತಿಲಿನ ಉಪಾಯವನ್ನು ಇನ್ನೊಬ್ಬರ ತೋಟಕ್ಕೆ ಮುಟ್ಟಿಸುತ್ತಿತ್ತು. ನಮ್ಮಂಥ ಬ್ಲಾಗುಗಳಿಗೆ ಅದು ದೊಡ್ಡಮ್ಮ ಇದ್ದ ಹಾಗೆ. 2019ರಲ್ಲಿ ಬಂಟ್ವಾಳ ತಾಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಪೆಟ್ರೋಲ್ ಎಂಜಿನ್ನಿನ ಮರ ಏರುವ ಬೈಕು ಮಾಡಿದ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಸೀಟಿನ ಮೇಲೆ ಕೂತು ಅರ್ಧ ನಿಮಿಷದಲ್ಲಿ ತುದಿಗೆ.

ನಮಗೆ ಇದಕ್ಕಿಂತ ದೊಡ್ಡದು ಅನ್ನಿಸುವುದು ಅದಕ್ಕೆ ಒಂದು ವರ್ಷ ಮೊದಲು, 2018ರಲ್ಲಿ, ವಿಟ್ಲದ ಸಿಪಿಸಿಆರ್‌ಐ ಆವರಣದಲ್ಲಿ ನಡೆದ ‘ಅಡಿಕೆ ಕೌಶಲ್ಯ ಪಡೆ’ಯ ಶಿಬಿರ. 1956ರಿಂದ ಅಡಿಕೆಯ ಸಂಶೋಧನೆ ನಡೆಯುತ್ತಿದ್ದ ಜಾಗ ಅದು. ತಳಿ, ರೋಗ, ಗೊಬ್ಬರದ ಪಾಠ ನಡೆಯುತ್ತಿದ್ದಲ್ಲಿ ಮರ ಹತ್ತುವುದನ್ನು ಪಾಠವಾಗಿ ಯುವಕರಿಗೆ ಹೇಳಿಕೊಟ್ಟರು. ಆಮೇಲೆ ಬೇರೆ ಕಡೆಯೂ ಇಂಥ ಶಿಬಿರಗಳು ನಡೆದವು.

ಅಂಥ ಒಂದು ಶಿಬಿರಕ್ಕೆ ನಮ್ಮ ತೋಟದ ಮನೆಯ ಗೆಳೆಯನೂ ಹೋಗಿದ್ದ. ಅವನ ಮನೆತನದಲ್ಲಿ ಮರ ಹತ್ತಿದ ಮೊದಲಿಗ ಅವನೇ. ದಿನವೂ ಬೆಳಿಗ್ಗೆ ಅವನ ಅಮ್ಮನ ಫೋನು: ‘ಬೆಲ್ಟು ಹಾಕ್ಕಂಡ್ಯಾ ತಮಾ?’ ಇದನ್ನು ಅವನು ನಗುತ್ತಾ ಹೇಳುತ್ತಿದ್ದ. ಇನ್ನೊಬ್ಬ ನಗಲಿಲ್ಲ. ಅವನ ಅಪ್ಪ ಇಪ್ಪತ್ತೆಂಟು ವರ್ಷ ಹತ್ತಿದ್ದರಲ್ಲಿ ಬೆಲ್ಟಿನ ಹೆಸರನ್ನು ಯಾವ ತೋಟದಲ್ಲೂ ಯಾರೂ ಎತ್ತಿರಲಿಲ್ಲ.

ಬೆಲ್ಟು ಅಂದರೆ ಸೊಂಟ, ತೊಡೆಗೆ ಕಟ್ಟುವ ಪಟ್ಟಿ, ಅದರಿಂದ ಮರವನ್ನು ಬಳಸಿ ಬರುವ ಇನ್ನೊಂದು ಹಗ್ಗ. ಕಾಲು ಜಾರಿದರೂ ಹಗ್ಗ ಮರವನ್ನು ಬಿಗಿದು ಹಿಡಿಯುತ್ತದೆ, ಮನುಷ್ಯ ನೆಲಕ್ಕೆ ಬರುವುದಿಲ್ಲ. ದೊಡ್ಡ ಖರ್ಚೇನೂ ಅಲ್ಲ. ಆದರೂ ಅನುಭವಿ ಕೊನೆಗೌಡರು ಇದನ್ನು ಹಾಕಿಕೊಳ್ಳಲು ಒಪ್ಪುವುದಿಲ್ಲ. ಮೊಂಡುತನ ಅಂತ ಬೈಯುವ ಮೊದಲು ಕೇಳಿ. ಬೆಲ್ಟು ಮರಕ್ಕೆ ಕಟ್ಟಿದ್ದರೆ ಪಕ್ಕದ ಮರಕ್ಕೆ ದಾಟುವ ಹಾಗಿಲ್ಲ. ಪ್ರತಿ ಮರ ಇಳಿದು ಹತ್ತಬೇಕು. ದಿನಕ್ಕೆ ಆಗುವ ಮರ ಕಡಿಮೆಯಾಗುತ್ತದೆ, ಮರದ ಲೆಕ್ಕದ ಕೂಲಿಯೂ ಕಡಿಮೆಯಾಗುತ್ತದೆ. ಬೆಲ್ಟಿನ ಖರ್ಚು ತೋಟದವರು ಕೊಟ್ಟರೂ ಕಳೆದುಹೋದ ಮರಗಳ ಕೂಲಿ ಹತ್ತುವವನ ಜೇಬಿನಿಂದಲೇ ಹೋಗುತ್ತದೆ. ಬೆಲ್ಟು ಹಾಕಿ ಹತ್ತುವವರಿಗೆ ಮರಕ್ಕೆ ಇಷ್ಟು ಎನ್ನುವ ಬದಲು ದಿನಕ್ಕೆ ಇಷ್ಟು ಅಂತ ಕೊಡುವ ತೋಟದವರು ನಮ್ಮ ಕಡೆ ಒಬ್ಬಿಬ್ಬರು ಇದ್ದಾರೆ. ಅವರ ತೋಟದಲ್ಲಿ ಹಳಬರೂ ಬೆಲ್ಟು ಹಾಕುತ್ತಾರೆ. ಉಳಿದ ತೋಟದವರು ಇದನ್ನು ದುಬಾರಿ ಅನ್ನುತ್ತಾರೆ. ನಮಗೆ ಹಾಗೆ ಕಾಣುವುದಿಲ್ಲ.

ಈ ಚರ್ಚೆ ಮುಗಿಯುವ ಮೊದಲೇ ದೋಟಿ ಬಂತು. ದೋಟಿ ಹಳೇ ಮಾತು. ಮಾವು, ಹಲಸು ಕೊಯ್ಯುವ ಗಳ. ಈಗ ಬಂದದ್ದು ಕಾರ್ಬನ್ ಫೈಬರಿನದ್ದು, ಒಂದರೊಳಗೊಂದು ಸೇರುವ ಕೊಳವೆ, ಎಳೆದರೆ ಅರವತ್ತು, ಎಂಬತ್ತು ಅಡಿಗೂ ಹೋಗುತ್ತದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಪೈಪು ಕಟ್ಟಿ ಮದ್ದೂ ಹೊಡೆಯಬಹುದು. ಐದಾರು ವರ್ಷದಲ್ಲಿ ಇದು ಎಷ್ಟು ಬೇಗ ಹಬ್ಬಿತು ಅಂದರೆ, ಕೊನೆಗೌಡ ಎನ್ನುವ ಹೆಸರಿನ ಅರ್ಥವೇ ಬದಲಾಗುತ್ತಿದೆ. ನಮ್ಮ ಗೆಳೆಯನ ಚಿಕ್ಕಪ್ಪ ಈಗ ದೋಟಿಯಲ್ಲಿ ಕೆಲಸ ಮಾಡುತ್ತಾರೆ. ದೋಟಿ ಅವರದ್ದೇ, ಸಾಲ ಮಾಡಿ ತೆಗೆದುಕೊಂಡದ್ದು. ಎರಡು ಕಾಲೂ ನೆಲದ ಮೇಲೆ.

ನೆಲದ ಮೇಲಿದ್ದರೂ ಅಪಾಯ ಪ್ರಾಣದ್ದೇ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ನೋಡುವುದಕ್ಕೆ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ, ಅಲ್ಯುಮಿನಿಯಂ ದೋಟಿಯಷ್ಟು ಭಯ ಹುಟ್ಟಿಸುವುದಿಲ್ಲ, ಆದರೆ ತಂತಿಗೆ ತಾಗಿದರೆ ಎರಡೂ ಒಂದೇ. ಮಳೆಯಲ್ಲಿ ಒದ್ದೆಯಾದ ಬಿದಿರೂ ನಂಬುವಂಥದ್ದಲ್ಲ. ತೋಟದ ಮೇಲೆ, ಪಕ್ಕದಲ್ಲಿ ಲೈನು ಹೋಗಿದ್ದರೆ ಆ ಸಾಲಿನ ಮರಗಳನ್ನು ಬಿಡಿ, ಇಲ್ಲವೇ ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸಿ. ಎತ್ತಿದ ದೋಟಿ ಗಾಳಿಗೆ ಎತ್ತ ವಾಲುತ್ತದೆ ಅಂತ ಹೇಳಲಾಗದು. ಮೇಲಿಂದ ಬೀಳುವ ಕೊನೆಯ ಕೆಳಗೆ ನಿಲ್ಲುವವರಿಗೆ ತಲೆಗೆ ಹೆಲ್ಮೆಟ್ ಬೇಕು, ಬೈಕಿನದ್ದಾದರೂ ಸರಿ. ದಿನವಿಡೀ ಮೇಲೆ ನೋಡಿ ಕುತ್ತಿಗೆ ಹಿಡಿಯುವುದು ಬೇರೆ ಕತೆ.

ಇನ್ನೂ ಹತ್ತುವವರು ಇದ್ದಾರೆ, ದೋಟಿ ಮುಟ್ಟದ ತೋಟಗಳೂ ಇವೆ. ಅದಕ್ಕೇ ಎರಡು ಮಾತು. ಯಾರಾದರೂ ಬಿದ್ದರೆ ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಬೇಡಿ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಎತ್ತಿದ್ದರಿಂದಲೇ ಅದು ಹೆಚ್ಚಾಗುತ್ತದೆ. ಹಲಗೆಯೋ ಬಾಗಿಲೋ ತಂದು, ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿ ಇರುವಂತೆ ನಾಲ್ಕೈದು ಜನ ಒಟ್ಟಿಗೆ ಅದರ ಮೇಲೆ ಸರಿಸಿ, 108ಕ್ಕೆ ಫೋನು ಮಾಡಿ.

ಎರಡನೆಯದು ಕಾಗದದ್ದು. 2015ರಲ್ಲಿ ಬಂದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ನಿಮಗೆ ಗೊತ್ತಿರಬಹುದು. ಮೊದಲು ವರ್ಷಕ್ಕೆ 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ರೂಪಾಯಿ. ಹದಿನೆಂಟರಿಂದ ಎಪ್ಪತ್ತು ವರ್ಷದ, ಬ್ಯಾಂಕ್ ಖಾತೆ ಇರುವ ಯಾರಾದರೂ ಸೇರಬಹುದು. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯವಾದರೆ 1 ಲಕ್ಷ. ಅದರ ನಿಯಮದಲ್ಲಿ ಹಾವು ಕಡಿತದ ಜೊತೆಗೆ ‘ಮರದಿಂದ ಬೀಳುವುದು’ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಅಂಥ ಪ್ರಕರಣದಲ್ಲಿ ಕೂಡಲೇ ಪಡೆದ ಆಸ್ಪತ್ರೆಯ ದಾಖಲೆ ಬೇಕು ಅನ್ನುವುದು ಷರತ್ತು. ನಾಟಿ ವೈದ್ಯರ ಮೇಲೆ ನಂಬಿಕೆ ಇದ್ದರೆ ಆಮೇಲೆ ಹೋಗಿ, ನಮ್ಮದೇನೂ ತಕರಾರಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ‘ಮರದಿಂದ ಬಿದ್ದದ್ದು’ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಹನ್ನೊಂದು ದಿನ ಕಾಯಬೇಡಿ.

ಆ ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ. ಮೊದಲನೇ ಮದ್ದು ಹೊಡೆಯುವ ಹೊತ್ತಿಗೇ ಹೊಸ ವರ್ಷ ಶುರು. ಮೇ ಕೊನೆಗೆ ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ಕಂತು ಕಟ್ಟಾಗದೆ ವಿಮೆ ನಿಂತುಹೋಗುತ್ತದೆ. ಮಳೆಗಾಲಕ್ಕೆ ಮುಂಚೆ, ಕೈಯಲ್ಲಿ ಕೆಲಸ ಇಲ್ಲದ ಆ ದಿನಗಳಲ್ಲಿ ಖಾತೆ ಖಾಲಿ ಇರುವುದು ಸಾಮಾನ್ಯ. ಮೊನ್ನೆ ಗೆಳೆಯ ಚಿಕ್ಕಪ್ಪನ ಪಾಸ್‌ಬುಕ್ಕು ತೆಗೆದುಕೊಂಡು ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸಿದ. ಹೋದ ವರ್ಷದ ಕಂತು ಕಟ್ಟಾಗಿರಲಿಲ್ಲ. ಒಂದಿಡೀ ಮಳೆಗಾಲ ಚಿಕ್ಕಪ್ಪ ವಿಮೆ ಇದೆ ಅಂದುಕೊಂಡು ದೋಟಿ ಹಿಡಿದಿದ್ದರು. ಅವತ್ತೇ ಫಾರ್ಮು ತುಂಬಿಸಿ, ಖಾತೆಗೆ ನೂರು ರೂಪಾಯಿ ಹಾಕಿ ಬಂದ.